ಎಳ್ಳ ಅಮಾಸಿ ಗೊತ್ತಿಲ್ಲದ ಊರಲ್ಲಿ

ರಾಜ್ಯದೊಳಗೇ ಓದಲು ಹೋದವರಿಗೆ ಊಟ ಬಿಟ್ಟರೆ ಬೇರೇನೂ ಹೊಸದಲ್ಲ ಎಂದು ಲೇಖನವೊಂದರಲ್ಲಿ ಓದಿದೆ. ಅದರ ಲೇಖಕರ ಈ ಮಾತು ಒಪ್ಪಲಾಗದು. ವಿಜಯಪುರದಿಂದ ಮಂಗಳೂರಿಗೆ ಓದಲು ಹೋದವನು ನಾನು. ಕುಸುಬಲಕ್ಕಿ ಅನ್ನಕ್ಕೆ ನಾಲಿಗೆ ಬೇಗ ಒಗ್ಗಿತು, ಪಂಚಾಂಗ ಮಾತ್ರ ಒಗ್ಗಲೇ ಇಲ್ಲ. ನಮ್ಮದು ಚಾಂದ್ರಮಾನ ಯುಗಾದಿ. ಅಲ್ಲಿನ ಗೆಳೆಯರಿಗೆ ಹೊಸ ವರ್ಷವೆಂದರೆ ಏಪ್ರಿಲ್ ನಡುವೆ ಬರುವ ಬಿಸು. ತೆಂಗಿನಕಾಯಿ, ಸೌತೆಕಾಯಿ, ಕನ್ನಡಿ ಜೋಡಿಸಿಟ್ಟ ಕಣಿಯನ್ನು ಎದ್ದ ಕೂಡಲೇ ನೋಡುತ್ತಾರೆ. ಹಿಂಗಾರಿ ಬೆಳೆ ನಿಂತ ಹೊಲಕ್ಕೆ ಹೋಗಿ ಪೂಜೆ ಮಾಡುವ ನಮ್ಮ ಎಳ್ಳ ಅಮಾಸಿಯಂತೂ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮನೆಯವರೆಲ್ಲ ಹೊಲದಲ್ಲಿ ಚರಗ (ಭೂತಾಯಿಗೆ ಅರ್ಪಿಸುವ ನೈವೇದ್ಯ) ಚೆಲ್ಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಣ್ಣುತ್ತ ಕೂತ ಫೋಟೊ ಕಳಿಸಿದರೆ ನಾನು ಇಲ್ಲಿ ಇಂಟರ್ನಲ್ಸ್ ಬರೆದು ಬಂದಿರುತ್ತಿದ್ದೆ! ಅವರ ತಪ್ಪೇನಿಲ್ಲ ಬಿಡಿ, ಹಿಂಗಾರಿ ಜೋಳವೇ ಬೆಳೆಯದ ನೆಲದಲ್ಲಿ ಚರಗ ಯಾರಿಗೆ ಬೇಕು? ಅವರಿಗೆ ಅವರದೇ ಅಮಾವಾಸ್ಯೆ ಇದೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಗೆ ಗೆಳೆಯನ ಮನೆಗೆ ಹೋಗಿದ್ದಾಗ ಬೆಳಬೆಳಗ್ಗೆ ಬರಿಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಸಿದರು. ಆ ಕಹಿ, ಅಬ್ಬಾ! ಮೇಲೆ ಮೆಂತೆ ಗಂಜಿ ಕೊಟ್ಟರೆಂದು ಬದುಕಿದೆ. ಲೇಖಕರು ಮೆಸ್ಸಿನ ತಟ್ಟೆ ನೋಡಿಯೇ ಇಡೀ ಕರಾವಳಿಯನ್ನು ಅಳೆದಂತಿದೆ.