ಟ್ರಿಪ್ ಆಯ್ತು, ಸಹಿ ಹಾಕು!

ಮೊನ್ನೆ 20ನೇ ತಾರೀಕು. ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನ್ನಂಥವರ ಮನೆಯಲ್ಲಿ ಆ ದಿನ ಒಗ್ಗರಣೆ ಸದ್ದು ಕೂಡ ಮೆಲ್ಲಗೆ ಬರಬೇಕು. ತಿಂಗಳ ತೆರಿಗೆ ಲೆಕ್ಕದ 3ಬಿ ರಿಟರ್ನ್ ಹಾಕಲು ಅದೇ ಕೊನೇ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ದಂಡ. ಗಿರಾಕಿಗಳು ತಿಂಗಳಿಡೀ ಸುಮ್ಮನಿದ್ದು, 19ರ ರಾತ್ರಿ ಥಟ್ಟನೆ ಎಚ್ಚರವಾಗಿ ಬಿಲ್ಲುಗಳನ್ನೆಲ್ಲ ವಾಟ್ಸಾಪ್‌ನಲ್ಲಿ ಸುರಿಯುತ್ತಾರೆ. ಅದೂ ತಲೆಕೆಳಗಾದ ಫೋಟೋ.

ಸಂಜೆ 6.10. ಒಬ್ಬ ಹಾರ್ಡ್‌ವೇರ್ ಅಂಗಡಿಯವರ ರಿಟರ್ನ್ ಪೂರ್ತಿ ತುಂಬಿದ್ದೆ. ಓಟಿಪಿ ಅವರ ಫೋನಿಗೆ ಹೋಗುತ್ತದೆ. ಅವರು ಕನ್ನಡಕ ಹುಡುಕಿ, ಅಂಗಡಿ ಹುಡುಗನಿಗೆ ಮೊಳೆ ತೂಗಲು ಹೇಳಿ, ನಿಧಾನಕ್ಕೆ ಓದಿದರು. "ನಾಲ್ಕು... ಏಳು... ಇದು ಒಂದೋ ಏಳೋ ಗೊತ್ತಾಗ್ತಿಲ್ವಲ್ಲ ಸ್ವಾಮಿ..." ಐದು ಅಂಕೆ ಒತ್ತಿದೆ. ಆರನೆಯದಕ್ಕೆ ಬೆರಳು ಎತ್ತಿದ್ದೇ ತಡ, ಟಪ್! ಲ್ಯಾಪ್‌ಟಾಪ್ ಆಫ್. ಒಂದು ಎಚ್ಚರಿಕೆ ಇಲ್ಲ, ಒಂದು ಕೆಮ್ಮು ಇಲ್ಲ. ಕಪ್ಪು ಪರದೆಯಲ್ಲಿ ನನ್ನದೇ ಮುಖ, ಬಾಯಿ ಬಿಟ್ಟುಕೊಂಡು.

ನಡುಮನೆಯಿಂದ ಅಪ್ಪನ ದನಿ ಬಂತು. "ಟ್ರಿಪ್ ಆಯ್ತೇನೋ? ಟೈಮ್ ಎಷ್ಟು?"

ಇಲ್ಲಿ ಅಪ್ಪನ ಬಗ್ಗೆ ಹೇಳಲೇಬೇಕು. ಅವರು ಕೆಇಬಿಯಲ್ಲಿ ಸಬ್‌ಸ್ಟೇಷನ್ ಆಪರೇಟರ್ ಆಗಿದ್ದವರು. 1999ರಲ್ಲೇ ಅದು ಕೆಪಿಟಿಸಿಎಲ್ ಆದರೂ ಅಪ್ಪನಿಗೂ ಊರಿಗೂ ಇವತ್ತಿಗೂ ಅದು ಕೆಇಬಿಯೇ. ನಿವೃತ್ತಿಯಾದ ಮೇಲೆ ಅವರ ಕೈಗೆ ಟ್ರಿಪ್ ಆಗುವಂಥದ್ದು, ಅಂದರೆ ತಾನೇ ತಾನಾಗಿ ಆಫ್ ಆಗಿಬಿಡುವಂಥದ್ದು, ಏನೂ ಸಿಕ್ಕಿರಲಿಲ್ಲ. 2014ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪ್ ಎರಡು ತಿಂಗಳ ಹಿಂದೆ ಆ ಕೊರತೆ ನೀಗಿಸಿತು. ಅವತ್ತೇ ಅಪ್ಪ ಒಂದು ಉದ್ದನೆ ನೋಟ್‌ಬುಕ್ ತಂದರು. ಸ್ಕೇಲ್ ಇಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ತಾರೀಕು, ವೇಳೆ, ಸ್ಥಳ, ಲೋಡ್, ಕಾರಣ, ಷರಾ. ಕೊನೆಯಲ್ಲಿ ಸಹಿ.

ಸಹಿ ನನ್ನದು!

ಒಂದು ನಮೂದು ನೋಡಿ. "ವೇಳೆ 11.42. ಸ್ಥಳ: ಮಂಚ. ಲೋಡ್: ಎಕ್ಸೆಲ್, ಜಿಎಸ್‌ಟಿ, ಹಳೇ ಹಾಡು. ಷರಾ: ಹಾಡು ಅನಗತ್ಯ ಲೋಡ್." ಇನ್ನೊಂದು: "ವೇಳೆ 4.05. ಸ್ಥಳ: ತೊಡೆ. ಲೋಡ್: ಕೆಲಸವಿಲ್ಲ, ಕ್ರಿಕೆಟ್ ಸ್ಕೋರು." ಇದಕ್ಕೂ ನಾನು ಸಹಿ ಹಾಕಿದ್ದೇನೆ. ಹೆಂಡತಿ ಆ ಪುಟವನ್ನು ಫೋಟೋ ತೆಗೆದಿಟ್ಟುಕೊಂಡಿದ್ದಾಳೆ, ಯಾಕೆ ಅಂತ ಕೇಳುವ ಧೈರ್ಯ ನನಗಿಲ್ಲ.

ಮೊನ್ನೆಯೂ ಅಷ್ಟೇ. ಒಂದು ಕಿವಿಯಲ್ಲಿ ಗಿರಾಕಿ, "ಹಾಕಿದ್ರಾ ಸ್ವಾಮಿ, ಹಾಕಿದ್ರಾ?" ಎದುರಿಗೆ ಅಪ್ಪ, ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು ನಿಂತಿದ್ದಾರೆ. "ಅಪ್ಪಾ, ಆಮೇಲೆ ಹಾಕ್ತೀನಿ" ಅಂದೆ. "ಆಮೇಲೆ ಅನ್ನೋದು ಲಾಗ್‌ಬುಕ್ಕಲ್ಲಿ ಇಲ್ಲ. ಮೊದಲು ಬರೀಬೇಕು, ಆಮೇಲೆ ಚಾರ್ಜ್ ಮಾಡಬೇಕು" ಅಂದರು. ಸಹಿ ಹಾಕಿದೆ. ಇನಿಷಿಯಲ್ ಬಿಟ್ಟು ಹೋಗಿತ್ತು. ಅದನ್ನೂ ಹಾಕಿಸಿಕೊಂಡರು.

ಆ ಕಡೆಯಿಂದ ಗಿರಾಕಿ: "ಹೊಸ ಓಟಿಪಿ ಬಂದ್ರೆ ಮತ್ತೆ ಕನ್ನಡಕ ಹುಡುಕಬೇಕಲ್ಲ ಸ್ವಾಮಿ? ಹಾಕೊಂಡೇ ಇರ್ಲಾ?"

ನಾನೇನು ಕೈಕಟ್ಟಿ ಕೂತಿರಲಿಲ್ಲ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ಅಂತ ಒಂದಿದೆ, ಅದರ ಒಳಹೊಕ್ಕು ನೋಡಿದ್ದೆ. ಕೆಂಪು ಗುರುತು ಹಾಕಿ 'ಕರ್ನಲ್ ಪವರ್ 41' ಅಂತ ತೋರಿಸಿತು. ಹುಡುಕಿ ಅರ್ಥ ತಿಳಿದುಕೊಂಡರೆ, "ಸಿಸ್ಟಮ್ ಸರಿಯಾಗಿ ಆಫ್ ಆಗದೆ ಮತ್ತೆ ಶುರುವಾಗಿದೆ" ಅಂತೆ. ಅದು ನನಗೂ ಗೊತ್ತಪ್ಪ! ಬ್ಯಾಟರಿಯ ವರದಿಯನ್ನೂ ತೆಗೆಸಿದ್ದೆ. ಹುಟ್ಟಿದಾಗ 41 ಸಾವಿರ ಮಿಲಿವ್ಯಾಟ್ ಅವರ್ ಹಿಡಿಯುತ್ತಿದ್ದದ್ದು ಈಗ ಮೂರು ಸಾವಿರಕ್ಕೇ ಹೊಟ್ಟೆ ತುಂಬಿತು ಅನ್ನುತ್ತದೆ. ಆದರೆ ಚಾರ್ಜರ್ ಸಿಕ್ಕಿಸಿದ್ದಾಗಲೂ ಆಫ್ ಆಗುತ್ತಿತ್ತಲ್ಲ, ಹಾಗಾಗಿ ಬ್ಯಾಟರಿಯನ್ನು ಸದ್ಯಕ್ಕೆ ಕ್ಷಮಿಸಿದೆ. ಭಾವಮೈದ "ಫಾರ್ಮ್ಯಾಟ್ ಹೊಡೀರಿ ಭಾವ" ಅಂದ. ಅವನು ತಲೆನೋವಿಗೂ ಅದನ್ನೇ ಹೇಳುವವನು. ಯಾರೋ ರ್‍ಯಾಮ್ ಬಿಚ್ಚಿ ರಬ್ಬರಿನಿಂದ ಉಜ್ಜಿ ಅಂದರು. ಮಗಳ ರಬ್ಬರಿನಲ್ಲಿ ಉಜ್ಜಿದೆ. ಲ್ಯಾಪ್‌ಟಾಪಿಗೆ ಸ್ಟ್ರಾಬೆರಿ ವಾಸನೆ ಬಂತು, ಬೇರೇನೂ ಬದಲಾಗಲಿಲ್ಲ.

"ಹೊಸದು ತಗೊಳ್ರಿ" ಅನ್ನುವುದು ಹೆಂಡತಿಯ ವಾದ. ತಪ್ಪಿಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಬೆಂಬಲ ನಿಂತಿತು. 11 ಹಾಕೋಣ ಅಂದರೆ, ನಿನ್ನ ಮೆಷಿನ್‌ಗೆ ಆ ಯೋಗ್ಯತೆ ಇಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಆದರೆ ಮಗಳ ಸ್ಕೂಲ್ ಫೀಸು ಕಟ್ಟುವ ತಿಂಗಳಲ್ಲಿ ಲ್ಯಾಪ್‌ಟಾಪಿನ ಯೋಗ್ಯತೆ ವಿಚಾರಿಸಲು ಹೋಗಬಾರದು.

ರೋಗ ಹಿಡಿದವರು ಅಪ್ಪನೇ. ಅವತ್ತು ರಾತ್ರಿ ಪುಸ್ತಕ ನನ್ನ ಮುಂದೆ ಹಿಡಿದರು. "ಸ್ಥಳದ ಕಾಲಂ ನೋಡು. ಹಾಸಿಗೆ ಮೇಲಿದ್ರೆ 20 ನಿಮಿಷಕ್ಕೆ ಟ್ರಿಪ್. ಊಟದ ಟೇಬಲ್ ಮೇಲೆ 45 ನಿಮಿಷ. ಟೇಬಲ್ ಫ್ಯಾನ್ ಮುಂದೆ ಒಂದ್ಸಲಾನೂ ಇಲ್ಲ. ಕಾವು ಕಣೋ! ನಮ್ ಟ್ರಾನ್ಸ್‌ಫಾರ್ಮರಲ್ಲಿ ಎಣ್ಣೆ ಬಿಸಿಯಾದ್ರೆ ಮೊದಲು ಅಲಾರಂ ಹೊಡೀತಿತ್ತು, ಆಮೇಲೆ ಟ್ರಿಪ್. ನಿಂದು ಅಲಾರಂ ಕೂಡ ಹೊಡೆಯಲ್ಲ. ಶಿಸ್ತಿಲ್ಲ."

ಅವರು ಹೇಳಿದ್ದು ಸರಿ. ಪ್ರೊಸೆಸರ್ ನೂರು ಡಿಗ್ರಿ ಆಸುಪಾಸಿಗೆ ಬಂದರೆ ಸುಟ್ಟು ಹೋಗುವ ಬದಲು ತಾನೇ ಆಫ್ ಆಗಿಬಿಡುತ್ತದೆ. ಹಾರ್ಡ್‌ವೇರ್ ಅಂಗಡಿಯವರ ರಿಟರ್ನ್ ಕೂಡ ಕೊನೆಗೆ ಹೋದದ್ದು ಹೀಗೇ. ಬೋರಲು ಹಾಕಿದ ಇಡ್ಲಿ ತಟ್ಟೆಯ ಮೇಲೆ ಲ್ಯಾಪ್‌ಟಾಪ್, ತಟ್ಟೆಯ ತೂತುಗಳಿಗೆ ಗುರಿ ಇಟ್ಟ ಟೇಬಲ್ ಫ್ಯಾನ್, ಹಾರಿಹೋಗದ ಹಾಗೆ ಬಿಲ್ಲುಗಳ ಮೇಲೆ ಸಾರಿನ ಸೌಟು.

ಮಾರನೇ ದಿನ ರಾಜಾಜಿನಗರದಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಕಂಪ್ಯೂಟರ್ ಅಂಗಡಿಗಳಿರುವ ಎಸ್‌.ಪಿ. ರೋಡಿಗೆ ಹೋದೆವು. ಅಪ್ಪ ಪುಸ್ತಕ ಸಮೇತ. ಮೆಟ್ಟಿಲ ಕೆಳಗಿನ ಚಿಕ್ಕ ಅಂಗಡಿ, ಇಪ್ಪತ್ತರ ಹುಡುಗ. ಸ್ಕ್ರೂಡ್ರೈವರ್ ಎತ್ತಿದ ತಕ್ಷಣ ಅಪ್ಪ, "ಎಲ್‌ಸಿ ತಗೊಂಡ್ಯೇನಪ್ಪಾ?" ಅಂದರು. ಲೈನ್ ಕ್ಲಿಯರ್, ಅಂದರೆ ಕರೆಂಟ್ ತೆಗೆದಿದೆ ಅನ್ನುವ ಅನುಮತಿ, ಪಡೆಯದೆ ಅವರ ಕಾಲದಲ್ಲಿ ಯಾರೂ ತಂತಿ ಮುಟ್ಟುತ್ತಿರಲಿಲ್ಲ. ಹುಡುಗ ತಲೆ ಎತ್ತದೆ, "ಎಲ್‌ಸಿಡಿ ಚೆನ್ನಾಗೇ ಇದೆ ಅಂಕಲ್, ಚೇಂಜ್ ಬೇಡ" ಅಂದ.

ಒಳಗೆ ಫ್ಯಾನಿಗೂ ಗಾಳಿ ಹೊರಗೆ ಹೋಗುವ ಜಾಲರಿಗೂ ನಡುವೆ ಒಂದು ಬೂದು ಕಂಬಳಿ. ಧೂಳು ಹೆಪ್ಪುಗಟ್ಟಿ ಬಟ್ಟೆಯೇ ಆಗಿತ್ತು. ಇಕ್ಕಳದಲ್ಲಿ ಹಿಡಿದು ಎಳೆದರೆ ಪೂರ್ತಿ ಒಂದೇ ತುಂಡಾಗಿ ಬಂತು. ಅದರ ತುಂಬ ಕೆಂಪು ಚುಕ್ಕೆ. ಹನ್ನೊಂದು ಆಯುಧಪೂಜೆಗಳ ಕುಂಕುಮ! ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ವಿಭೂತಿಯಾಗಿತ್ತು. ಹುಡುಗ ಕೆರೆದು ಹೊಸದು ಬಳಿದ. 600 ರೂಪಾಯಿ. ಅಪ್ಪ ಅಲ್ಲೇ ನಿಂತು ಕಾರಣದ ಕಾಲಂ ತುಂಬಿದರು: "ಧೂಳು (ಕುಂಕುಮ ಸಹಿತ)." ಮನೆಗೆ ಬಂದ ಮೇಲೆ ಅಮ್ಮ ಅದನ್ನು ಓದಿದಳು. ಆ ಸಂಜೆ ಅಪ್ಪನಿಗೆ ಕಾಫಿ ತಡವಾಗಿ ಬಂತು.

ಮೆಟ್ರೋದಲ್ಲಿ ವಾಪಸ್ ಬರುವಾಗ ಅಪ್ಪ ಪುಸ್ತಕವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದರು. ಚಿಕ್ಕವನಿದ್ದಾಗ ರಾತ್ರಿ ಪಾಳಿಯ ದಿನ ನಾನು ಕ್ಯಾರಿಯರ್ ತೆಗೆದುಕೊಂಡು ಸಬ್‌ಸ್ಟೇಷನ್‌ಗೆ ಹೋಗುತ್ತಿದ್ದೆ. ಹೊರಗೆ ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಸದ್ದು. ಒಳಗೆ ಅಪ್ಪ ಒಬ್ಬರೇ. ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಬರೆಯಬೇಕು. ಬರೆದು ಮುಗಿಯುವವರೆಗೆ ನನ್ನ ಕಡೆ ತಿರುಗುತ್ತಿರಲಿಲ್ಲ. ಅನ್ನ ಆರುತ್ತಿತ್ತು. ಅಷ್ಟು ವರ್ಷ ಬರೆದ ಪುಸ್ತಕಗಳನ್ನೆಲ್ಲ ಯಾರಾದರೂ ಓದಿದ್ದರೋ ಇಲ್ಲವೋ.

"ಅಪ್ಪಾ, ಈ ಪುಸ್ತಕ ಇಲ್ದಿದ್ರೆ ಗೊತ್ತಾಗ್ತಾನೇ ಇರ್ಲಿಲ್ಲ" ಅಂದೆ.

"ಹೂಂ" ಅಂದರು. "ನಿನ್ನೇದಕ್ಕೆ ತಾರೀಕು ಹಾಕಿಲ್ಲ ನೀನು."

ನಿನ್ನೆಯಿಂದ ಲ್ಯಾಪ್‌ಟಾಪ್ ತಣ್ಣಗಿದೆ. ಅಪ್ಪ ಬಿಡಬೇಕಲ್ಲ! ಗಂಟೆಗೊಮ್ಮೆ ಬಂದು, ಜ್ವರ ನೋಡುವ ಹಾಗೆ ಅಂಗೈ ಮಗುಚಿ ಅದರ ಕೆಳಗೆ ಇಟ್ಟು, "ನಾರ್ಮಲ್" ಅಂತ ಬರೆದು ಹೋಗುತ್ತಿದ್ದರು. ಮುಖದಲ್ಲಿ ಮಾತ್ರ ಅಂಥ ಖುಷಿ ಏನೂ ಇರಲಿಲ್ಲ. ಇವತ್ತು ಸಂಜೆ ಇದನ್ನೇ ಟೈಪ್ ಮಾಡುತ್ತಿದ್ದೆ, ಬಡಾವಣೆಗೇ ಕರೆಂಟ್ ಹೋಯಿತು. ನಾನು ಕ್ಷಮಿಸಿದ್ದ ಬ್ಯಾಟರಿ ನಾಲ್ಕು ನಿಮಿಷ ಎಳೆದು ಕಣ್ಣು ಮುಚ್ಚಿತು. ಟಪ್.

ಕತ್ತಲಲ್ಲಿ ಟಾರ್ಚಿನ ಬೆಳಕು ಓಡೋಡಿ ಬಂತು.

"ಟೈಮ್ 7.18. ಇನ್‌ಕಮಿಂಗ್ ಸಪ್ಲೈ ಫೇಲ್. ನಮ್ ಕಡೆ ಏನೂ ತಪ್ಪಿಲ್ಲ, ಸಹಿ ಹಾಕು."