ನೆರಳು ಬೇಕು, ಎಲೆ ಬೇಡ

ಇವತ್ತು ಬೆಳಗ್ಗೆ ಎಂಟು ಅಂಗಿ, ಮೂರು ಪ್ಯಾಂಟು, ಹೆಂಡತಿಯ ಎರಡು ಕಾಟನ್ ಸೀರೆ ಗಂಟು ಕಟ್ಟಿ ಹೆಗಲಿಗೇರಿಸಿಕೊಂಡು ಹೊರಟೆ. ಎದುರು ಸಿಕ್ಕವರು "ಊರಿಗಾ?" ಅಂದರು. ಇಲ್ಲ, ಪಕ್ಕದ ಕ್ರಾಸಿಗೆ. ಇಸ್ತ್ರಿಗೆ.

ಮೊದಲು ಇಸ್ತ್ರಿ ಗಾಡಿ ನಮ್ಮ ಗೇಟಿನ ಮುಂದೆಯೇ ಇತ್ತು, ಉಚ್ಚೆಕಾಯಿ ಮರದ ಕೆಳಗೆ. ಹೌದು, ಹೆಸರೇ ಅದು. ಮೊಗ್ಗು ಹಿಚುಕಿದರೆ ನೀರು ಚಿಮ್ಮುತ್ತದೆ. ಶಾಲೆಗೆ ಹೋಗುವಾಗ ನೀವೂ ಯಾರದೋ ಮುಖಕ್ಕೆ ಚಿಮ್ಮಿಸಿರುತ್ತೀರಿ, ಸುಮ್ನೆ ನಾಟಕ ಬೇಡ. ಆಫ್ರಿಕಾ ಮೂಲದ ಮರ. ಹೂವು ಬೆಂಕಿಯಂತೆ, ಕೊಂಬೆ ಹಪ್ಪಳದಂತೆ. ಏಪ್ರಿಲ್ ಮಳೆಗೆ ಒಂದು ಕೊಂಬೆ ನನ್ನ ಸ್ಕೂಟರ್ ಮೇಲೆ ಮಲಗಿತು, ಇನ್ನೊಂದು ಕರೆಂಟ್ ತಂತಿಯ ಮೇಲೆ. 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಸುಮ್ನೆ ಕೊಡಲಿ ಎತ್ತುವ ಹಾಗಿಲ್ಲ. ಅರ್ಜಿ ಕೊಟ್ಟೆವು. ಒಪ್ಪಿಗೆ ಬಂತು, ಮರ ಹೋಯಿತು. ಅದರ ಹಿಂದೆಯೇ ಗಾಡಿಯೂ ಹೋಯಿತು.

ಆ ಜಾಗಕ್ಕೆ ಯಾವ ಗಿಡ? ಇಲ್ಲಿಂದ ಮೂಲೆಮನೆ ಅಂಕಲ್ ಆಟ ಶುರು. ಅವರ ಮಾತು ಯಾವಾಗಲೂ ಒಂದೇ: "ಮರ ಬೇಕೇ ಬೇಕ್ರೀ. ಆದ್ರೆ ಅದೊಂದು ಬೇಡ."

ಬೇವು? "ಹಣ್ಣು ತುಳಿದು ಜಾರಿ ಬೀಳ್ತೀವಿ. ಅದೊಂದು ಬೇಡ." ನೇರಳೆ? "ನನ್ನ ಕಾರು ಬಿಳಿ, ನೋಡಿದ್ದೀರಲ್ಲ." ಸಂಪಿಗೆ? "ಬೆಳಗಿನ ಜಾವ ವಾಕಿಂಗಿನವರು ದೋಟಿ ಹಿಡಿದು ಬರ್ತಾರೆ." ಗುಲ್‌ಮೊಹರ್? "ಬೇರು ಫುಟ್‌ಪಾತ್ ಎಬ್ಬಿಸುತ್ತೆ." ಗಸಗಸೆ ಹಣ್ಣಿನ ಮರ? "ಬಾವಲಿ!" ಅರಳಿ? "ಅಯ್ಯೋ, ಆಮೇಲೆ ಅದನ್ನ ಕಡಿಯೋಕೆ ಯಾರೂ ಬರಲ್ಲ." ಇನ್ನೂ ನೆಟ್ಟಿಲ್ಲ, ಕಡಿಯುವ ಚಿಂತೆ!

ಕೊನೆಗೆ ಹೊಂಗೆ ಅಂದೆ.

"ಎಲೆ ಉದುರುತ್ತೆ."

"ಅಂಕಲ್, ಎಲೆ ಉದುರದ ಮರ ಎಲ್ಲಿದೆ?"

ಕಣ್ಣು ಮುಚ್ಚಿ ಯೋಚಿಸಿದರು. "ನಮ್ಮ ಮಗಳ ಮನೆ ಬಾಲ್ಕನಿಯಲ್ಲಿ ಒಂದಿದೆ. ಪ್ಲಾಸ್ಟಿಕ್‌ದು."

ಜರ್ಮನಿಯ ಕ್ರುಂಬಿಗಲ್ 1908ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತರು. ಒಂದು ಮರದ ಹೂವು ಮುಗಿಯುವಷ್ಟರಲ್ಲಿ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದರು. ಪುಣ್ಯಾತ್ಮನಿಗೆ ನಮ್ಮ ಅಂಕಲ್ ಸಿಕ್ಕಿರಲಿಲ್ಲ.

ಅಂಕಲ್ ಮಗಳ ಮನೆಗೆ ಹೋದ ಭಾನುವಾರ ನೋಡಿ ಹೊಂಗೆಯನ್ನೇ ನೆಟ್ಟೆವು. ಈಗ ಮೊಣಕಾಲುದ್ದ ಇದೆ. ಸುತ್ತ ಕಬ್ಬಿಣದ ಟ್ರೀ ಗಾರ್ಡ್. ಅದಕ್ಕೆ ಯಾರೋ ಸೈಕಲ್ ಬೀಗ ಹಾಕುತ್ತಾರೆ, ಎದುರು ಮನೆಯವರು ಕಾಲೊರಸು ಒಣಗಿಸುತ್ತಾರೆ, 'ಮನೆ ಬಾಡಿಗೆಗಿದೆ' ಬೋರ್ಡೂ ಬಂದಿದೆ. ಗಿಡ ಕಾಣಬೇಕಾದರೆ ಬಗ್ಗಬೇಕು. ಅದರ ನೆರಳಲ್ಲಿ ಒಂದು ಜೊತೆ ಚಪ್ಪಲಿ ಇಡಬಹುದು, ಅದೂ ಮಕ್ಕಳದು.

ಸಂಜೆ ಗೇಟು ಮುಟ್ಟಿದರೆ ಇನ್ನೂ ಬಿಸಿ. ಇದ್ದಿಲಿನ ವಾಸನೆ ಇಲ್ಲ, ಗಾಡಿಯ ರೇಡಿಯೋ ಇಲ್ಲ. "ಸಾರ್, ಕಾಲರ್ ಹರಿದಿದೆ, ಅಮ್ಮಾವ್ರಿಗೆ ಹೇಳಿ" ಅನ್ನುವವರೂ ಇಲ್ಲ. ಆ ಮರವನ್ನು ನಾನೂ ಬೈದವನೇ. ಅರ್ಜಿಯಲ್ಲಿ ಮೊದಲ ಸಹಿ ನನ್ನದೇ.

ಪಕ್ಕದ ಕ್ರಾಸಿನಲ್ಲಿ ದೊಡ್ಡ ಮಳೆಮರ. ಅದರಡಿ ಇಸ್ತ್ರಿ ಗಾಡಿ. ಗಾಡಿಯ ಪಕ್ಕ ಒಂದು ಬಿಳಿ ಕಾರು. ಅಂಕಲ್ ಪೇಪರ್ ಒದ್ದೆ ಮಾಡಿಕೊಂಡು ಬಾನೆಟ್ ಮೇಲಿನ ಹಕ್ಕಿ ಹಿಕ್ಕೆ ಉಜ್ಜುತ್ತಿದ್ದರು.

"ನಮ್ಮ ರಸ್ತೆಯಲ್ಲಿ ಬಿಸಿಲು ಜಾಸ್ತಿ ಆಯ್ತು ಅಂತ ಇಲ್ಲಿ ನಿಲ್ಲಿಸಿದೆ. ನೋಡ್ರೀ ಅವಸ್ಥೆ! ಮೊದಲು ಈ ಮರ ತೆಗೆಸಬೇಕು."

ಇಸ್ತ್ರಿಯವನು ನನ್ನ ಗಂಟು ಇಳಿಸಿಕೊಳ್ಳುತ್ತಾ ಮೆಲ್ಲಗೆ ಕೇಳಿದ, "ಸಾರ್, ಅದರಾಚೆ ಕ್ರಾಸಲ್ಲಿ ಯಾವ ಮರ ಇದೆ?"