ಡಯಟ್ಟು ಬಡಿಸೋ ಕೈಗೆ

ಇಬ್ಬರು ಸೇರಿ ತೂಕ ಇಳಿಸುತ್ತೇವೆಂದು ಹೊರಟ ಮನೆಯಲ್ಲಿ ಮೊದಲ ವಾರ ಏನಾಗುತ್ತದೆ ಎಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಗಂಡ ಹೆಂಡತಿಯ ಚಪಾತಿ ಎಣಿಸುತ್ತಾನೆ, ಹೆಂಡತಿ ಗಂಡನ ತುತ್ತು ಎಣಿಸುತ್ತಾಳೆ, ಧಾರವಾಡದಿಂದ ಬಂದ ಅತ್ತೆ ಇಬ್ಬರ ಮುಖವನ್ನೂ ನೋಡಿ "ಏನ್ ಸೊರಗಿ ಕಡ್ಡಿ ಆಗೀರಪಾ" ಎನ್ನುತ್ತ ತುಪ್ಪದ ಡಬ್ಬಿ ಇಳಿಸುತ್ತಾರೆ. ಎರಡನೇ ವಾರಕ್ಕೆ ತೂಕ ಅಲ್ಲೇ ಇರುತ್ತದೆ; ಇಳಿದಿರುವುದು ಮಾತುಕತೆ.

ಸಲಹೆಗೆ ಮುಂಬಯಿಯಲ್ಲಿ ಬರವಿಲ್ಲ. ಡೊಂಬಿವಲಿಯಲ್ಲಿ ಹತ್ತಿ ದಾದರಿನಲ್ಲಿ ಇಳಿಯುವಷ್ಟರಲ್ಲಿ ಟ್ರೇನ್ ಗ್ರೂಪಿನವರು ತಲಾ ಒಂದು ಹೇಳಿರುತ್ತಾರೆ: ಜೀರಿಗೆ ನೀರು, ಬಿಸಿನೀರಿಗೆ ನಿಂಬೆ, ಸಂಜೆ ಏಳರ ನಂತರ ಬಾಯಿಗೆ ಬೀಗ. ಏಳಕ್ಕೆ ಮನೆಯ ದಾರಿಯಲ್ಲಿ ಇನ್ನೂ ಘಾಟ್ಕೋಪರ್ ದಾಟದವರು ಬೀಗ ಹಾಕುವುದು ಯಾವಾಗ, ತೆಗೆಯುವುದು ಯಾವಾಗ? ಜೊತೆಗಾರರಿಂದ ನಿಜವಾಗಿ ಆಗಬೇಕಾದ ಕೆಲಸವೆಲ್ಲ ಕೈಯದ್ದು: ಕಡಿಮೆ ತರುವುದು, ಅಳೆದು ಸುರಿಯುವುದು, ಎರಡನೇ ಸಲ ಬಡಿಸದೇ ಇರುವುದು. ಬಾಯಿಗೆ ಇದರಲ್ಲಿ ಕೆಲಸವೇ ಇಲ್ಲ. ಕಷ್ಟ ಇರುವುದೂ ಅಲ್ಲೇ.

ಎಣ್ಣೆಯಿಂದ ಶುರು ಮಾಡಬೇಕು. ಕಣ್ಣಿಗೆ ಬೀಳದೆ ಹೊಟ್ಟೆಗೆ ಬೀಳುವ ಪದಾರ್ಥ ಅದು. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಪಿಷ್ಟ ಮತ್ತು ಪ್ರೋಟೀನಿನಲ್ಲಿ 4. ಐದು ಮಿ.ಲೀ. ಹಿಡಿಯುವ ಚಮಚದಷ್ಟು ಎಣ್ಣೆ ಎಂದರೆ ಸುಮಾರು 40 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲರಿಯ ದಿನದ ತಟ್ಟೆಗೆ ಹೇಳಿರುವುದು 27 ಗ್ರಾಂ ಎಣ್ಣೆ. ಒಬ್ಬರಿಗೆ ತಿಂಗಳಿಗೆ 810 ಗ್ರಾಂ ಆಯಿತು. ಒಂದು ಲೀಟರಿನ ಪ್ಯಾಕೆಟ್ಟಿನಲ್ಲಿ ಇರುವುದು ಸುಮಾರು 910 ಗ್ರಾಂ. ಅಂದರೆ ನಾಲ್ವರ ಮನೆಗೆ ತುಪ್ಪ, ಬೆಣ್ಣೆ ಎಲ್ಲ ಸೇರಿ ಮೂರೂವರೆ ಲೀಟರಿನ ಲೆಕ್ಕ. ಈಗ ಕಿರಾಣಿ ಬಿಲ್ಲು ತೆಗೆಯಿರಿ. ಐದು ಲೀಟರಿನ ಕ್ಯಾನು, ಮೇಲೆ ಅರ್ಧ ಕೆಜಿ ತುಪ್ಪ ಇದ್ದರೆ ಹೆಚ್ಚಾದದ್ದು ಸುಮಾರು 1800 ಗ್ರಾಂ. ತಲೆಗೆ 4000 ಕ್ಯಾಲರಿ. ಒಂದು ಕೆಜಿ ಮೈಕೊಬ್ಬಿಗೆ ಸುಮಾರು 7700 ಕ್ಯಾಲರಿ ಎಂದು ಹಿಡಿದರೆ, ತಿಂಗಳಿಗೆ ತಲಾ ಅರ್ಧ ಕೆಜಿಗೆ ಮನೆಯಲ್ಲೇ ಏರ್ಪಾಡಾಗಿದೆ. ಕರಿದು ಉಳಿದದ್ದನ್ನು ಚೆಲ್ಲುತ್ತೇವೆ ಎನ್ನುವವರು ಕೈ ಎತ್ತಬಹುದು. ಯಾರೂ ಎತ್ತುವುದಿಲ್ಲ, ಅದು ಮರುದಿನ ಪಲ್ಯಕ್ಕೆ ಹೋಗುತ್ತದೆ.

"ನಾನು ಬರೀ ಎರಡು ಚಮಚ ಹಾಕೋದು" ಎಂಬ ಮಾತು ಪ್ರತಿ ಅಡುಗೆಮನೆಯಲ್ಲೂ ಕೇಳಿಬರುತ್ತದೆ, ಯಾರೂ ಸುಳ್ಳು ಹೇಳುತ್ತಿಲ್ಲ. ಚಮಚ ಯಾವುದು ಎಂಬುದಷ್ಟೇ ಪ್ರಶ್ನೆ. ಕೆಮ್ಮಿನ ಔಷಧಿಯ ಬಾಟಲಿಗೆ ಗೆರೆ ಹಾಕಿದ ಮುಚ್ಚಳ ಇರುತ್ತದಲ್ಲ, ಅದರಲ್ಲಿ 5 ಮಿ.ಲೀ. ನೀರು ಅಳೆದು ಎಣ್ಣೆ ಡಬ್ಬಿಯ ಚಮಚಕ್ಕೆ ಸುರಿಯಿರಿ. ಚಮಚ ತುಂಬದೇ ಇನ್ನೂ ಬಾಯಿ ತೆರೆದುಕೊಂಡಿದ್ದರೆ ಅದರ ನಿಜವಾದ ಅಳತೆ ಎಷ್ಟೆಂದು ಅಲ್ಲೇ ತಿಳಿಯಿತು. ಇನ್ನೊಂದು ಸೂಕ್ಷ್ಮ ಇದೆ. ಅಗಲ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹರಡಿ ಕಾಣೆಯಾಗುತ್ತದೆ, ಸಾಸಿವೆ ಸಿಡಿಯುವ ಮೊದಲೇ ಕರಟುತ್ತದೆ, ಹೆದರಿದ ಕೈ ಇನ್ನಷ್ಟು ಸುರಿಯುತ್ತದೆ. ಅದೇ ಎಣ್ಣೆಯನ್ನು ಪುಟ್ಟ ಒಗ್ಗರಣೆ ಸೌಟಿನಲ್ಲಿ ಕಾಯಿಸಿದರೆ ಸಾಸಿವೆ ಮುಳುಗಿ ಚಟಪಟ ಎನ್ನುತ್ತದೆ. ಪಲ್ಯವನ್ನು ಮೊದಲು ಉಗಿಯಲ್ಲಿ ಬೇಯಿಸಿ, ಒಗ್ಗರಣೆ ಕಡೆಗೆ ಹಾಕಿ. ಘಮ ಮೇಲೇ ಇರುವುದರಿಂದ ಮೂಗಿಗೆ ಮೋಸವಾಗಿ ಎಣ್ಣೆ ಕಡಿಮೆಯಾದದ್ದು ಗೊತ್ತಾಗುವುದಿಲ್ಲ. ಅಡುಗೆ ಮಾಡದ ಸಂಗಾತಿಗೆ ಇಲ್ಲಿರುವ ಕೆಲಸ ಒಂದೇ: ಎರಡು ಕೊಂಡರೆ ಒಂದು ಉಚಿತ ಎಂದು ಮಾಲ್‌ನಿಂದ ಎಣ್ಣೆ ಹೊತ್ತು ತರದಿರುವುದು.

ಇನ್ನು ಧಾನ್ಯ ಬದಲಾಯಿಸುವ ಚಟ. ಅನ್ನ ಬಿಟ್ಟೆವು, ಜೋಳದ ರೊಟ್ಟಿಗೆ ಬಂದೆವು, ಆದರೂ ತೂಕ ಇಳಿಯಲಿಲ್ಲವಲ್ಲ ಎಂದು ಕೊರಗುವವರು ಹಿಟ್ಟನ್ನು ತೂಗಿ ನೋಡಬೇಕು. ಒಣ ಅಕ್ಕಿ, ಜೋಳ, ರಾಗಿ, ಗೋಧಿ ಯಾವುದೇ ಆಗಲಿ, 100 ಗ್ರಾಮಿಗೆ 320ರಿಂದ 350 ಕ್ಯಾಲರಿಯ ಆಸುಪಾಸಿನಲ್ಲೇ ಇರುತ್ತವೆ. ರಾಗಿಯಲ್ಲಿ ಸುಣ್ಣದಂಶ ಹೆಚ್ಚು, ನಾರು ಹೆಚ್ಚು, ಮುದ್ದೆ ತಿಂದರೆ ಹೊಟ್ಟೆ ತುಂಬಿದಂತಾಗುತ್ತದೆ, ಎಲ್ಲ ಸರಿ. ಆದರೆ 30 ಗ್ರಾಂ ಹಿಟ್ಟಿನ ಫುಲ್ಕಾ 100 ಕ್ಯಾಲರಿಯಾದರೆ, 60 ಗ್ರಾಂ ಹಿಟ್ಟು ಬಡಿದು ಅಗಲಿಸಿದ ರೊಟ್ಟಿ ಅದರ ಎರಡರಷ್ಟು. ಎರಡು ರೊಟ್ಟಿ ತಿಂದವರು ನಾಲ್ಕು ಫುಲ್ಕಾ ತಿಂದ ಹಾಗೆ. ಅದರ ಜೊತೆಗೆ ಶೇಂಗಾ ಚಟ್ನಿಪುಡಿ, ಪುಡಿಯ ನಡುವೆ ಗುಂಡಿ, ಗುಂಡಿಯಲ್ಲಿ ಎಣ್ಣೆ. 100 ಗ್ರಾಂ ಶೇಂಗಾದಲ್ಲೇ 560ಕ್ಕೂ ಮಿಕ್ಕಿದ ಕ್ಯಾಲರಿ ಇದೆ. ರೊಟ್ಟಿಯದ್ದೇನೂ ತಪ್ಪಿಲ್ಲ ಪಾಪ, ಗುಂಡಿಯನ್ನು ವಿಚಾರಿಸಬೇಕು.

ಉಪವಾಸದ್ದು ಇದಕ್ಕಿಂತ ದೊಡ್ಡ ಕಥೆ. ಮಹಾರಾಷ್ಟ್ರದಲ್ಲಿ ನೆಲೆಸಿದ ಮೇಲೆ ನಮ್ಮವರು ಏಕಾದಶಿಗೆ ಸಾಬುದಾಣೆ ಖಿಚಡಿಯನ್ನು ದತ್ತು ತೆಗೆದುಕೊಂಡಿದ್ದಾರೆ. ಒಬ್ಬರಿಗೆ 75 ಗ್ರಾಂ ಸಾಬುದಾಣೆ ಎಂದರೆ 260 ಕ್ಯಾಲರಿ, ಮುಷ್ಟಿ ಶೇಂಗಾಪುಡಿ 30 ಗ್ರಾಂ 170, ಒಂದು ದೊಡ್ಡ ಚಮಚ ತುಪ್ಪ 120. ಆಲೂಗಡ್ಡೆ ಸೇರುವ ಮುಂಚೆಯೇ 550. ಮೂರು ಫುಲ್ಕಾ, ಪಲ್ಯ, ತೊವ್ವೆಯ ಸಾದಾ ಊಟ ಇದಕ್ಕಿಂತ ಹೆಚ್ಚೇನೂ ಆಗುವುದಿಲ್ಲ, ಮೇಲಾಗಿ ಅದರಲ್ಲಿ ತರಕಾರಿ ಇರುತ್ತದೆ. "ಏಕಾದಶೀ, ದುಪ್ಪಟ್ ಖಾಶೀ" ಎಂದು ಮರಾಠಿಗರೇ ನಗುತ್ತಾರೆ. ದೇವರಿಗೆ ಉಪವಾಸ ಮಾಡಿ, ಅಡ್ಡಿಯಿಲ್ಲ. ತೂಕದ ಖಾತೆಯಲ್ಲಿ ಮಾತ್ರ ಅದನ್ನು ಜಮಾ ಬರೆಯಬೇಡಿ.

ಮುಂಬಯಿಯವರಿಗೆ ಒಂದು ಅನುಕೂಲ ಉಂಟು, ಅದು ಡಬ್ಬಾ. 1890ರ ಕಾಲದಿಂದ ಡಬ್ಬಾವಾಲಾಗಳು ಈ ಊರಿನ ಊಟವನ್ನು ಅಂತಸ್ತು ಅಂತಸ್ತಾಗಿ ಹೊರುತ್ತ ಬಂದಿದ್ದಾರೆ. ಯಾವ ಅಂತಸ್ತಿನಲ್ಲಿ ಏನು ಎಂಬುದು ಮಾತ್ರ ಮನೆಯವರ ಕೈಯಲ್ಲಿದೆ. ಸಾಮಾನ್ಯವಾಗಿ ದೊಡ್ಡ ಬಟ್ಟಲಿಗೆ ಅನ್ನ, ಚಿಕ್ಕದಕ್ಕೆ ಪಲ್ಯ. ಇದನ್ನು ತಿರುಗಿಸಿ. ದೊಡ್ಡದಕ್ಕೆ ಪಲ್ಯ, ಚಿಕ್ಕದಕ್ಕೆ ಅನ್ನ, ನಡುವಿನದಕ್ಕೆ ಗಟ್ಟಿ ಬೇಳೆ ಅಥವಾ ಮೊಳಕೆ ಕಾಳಿನ ಉಸುಳಿ. ಬೆಂದ ಅನ್ನ 100 ಗ್ರಾಮಿಗೆ 130 ಕ್ಯಾಲರಿ, ಆದ್ದರಿಂದ 150 ಗ್ರಾಂ ಹಿಡಿಯುವ ಬಟ್ಟಲಿಗೆ ಸುಮಾರು 200. ಮುಚ್ಚಳ ಒತ್ತಿ ಹಾಕಬೇಕಾದಷ್ಟು ಅನ್ನ ತುಂಬಿದರೆ ಅದು 150 ಅಲ್ಲ, ಅಮ್ಮನ ಪ್ರೀತಿ. ಮೊದಲ ಎರಡು ದಿನ ನಾಲ್ಕು ಗಂಟೆಗೆ ಹಸಿವಾಗುತ್ತದೆ, ಮೂರನೇ ದಿನ ಆಫೀಸಿನ ಕೆಳಗಿನ ಸಮೋಸಾದವನು ಕೈ ಬೀಸುತ್ತಾನೆ. ಅಲ್ಲಿಗೆ ಸೋಲುವುದು ಬೇಡ ಎಂದಿದ್ದರೆ ಬ್ಯಾಗಿನಲ್ಲಿ ಪೇರಳೆಯೋ, 25 ಗ್ರಾಂ ಹುರಿಗಡಲೆಯೋ ಇರಲಿ. ಅಳೆದು ಪುಟ್ಟ ಡಬ್ಬಿಗೆ ಹಾಕಿಕೊಡಬೇಕು, ಪ್ಯಾಕೆಟ್ಟೇ ಕೊಟ್ಟರೆ ಕುರ್ಲಾ ಬರುವಷ್ಟರಲ್ಲಿ ಖಾಲಿ.

ಚಹಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ನಾಲ್ಕು, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ ಎಂದರೆ 40 ಗ್ರಾಂ, 160 ಕ್ಯಾಲರಿ. ಒಮ್ಮೆಲೇ ಬಿಟ್ಟರೆ ತಲೆನೋವು ಬಂದು ಮನೆಯವರ ತಲೆ ತಿನ್ನುತ್ತೀರಿ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ಕಟಿಂಗ್‌ಗೆ, ಅಂದರೆ ಅರ್ಧ ಗ್ಲಾಸಿಗೆ ಬನ್ನಿ. ಜೊತೆಗೆ ಬರುವ ಖಾರಿ, ಟೋಸ್ಟುಗಳೇ ದೊಡ್ಡ ಕಳ್ಳರು.

ಈಗ ರಾತ್ರಿಯ ಊಟಕ್ಕೆ ಬರೋಣ, ನಿಜವಾದ ಯುದ್ಧಭೂಮಿ ಅದು. ಒನ್ ಬಿಎಚ್‌ಕೆ ಮನೆಯಲ್ಲಿ ಟಿವಿ ಮುಂದೆ ಪೇಪರು ಹಾಸಿ ಅನ್ನದ ಪಾತ್ರೆ, ಸಾರಿನ ಪಾತ್ರೆ, ಹಪ್ಪಳದ ಡಬ್ಬ ಎಲ್ಲ ನಡುವಿಗೆ ತಂದಿಟ್ಟು ಸುತ್ತ ಕೂರುವುದು ರೂಢಿ. ಸಾರು ಉಳಿಯಿತು ಎಂದು ಅನ್ನ, ಅನ್ನ ಉಳಿಯಿತು ಎಂದು ಮಜ್ಜಿಗೆ, ಮಜ್ಜಿಗೆಗೆ ಉಪ್ಪಿನಕಾಯಿ, ಉಪ್ಪಿನಕಾಯಿ ಖಾರವಾಯಿತೆಂದು ಇನ್ನೊಂದು ತುತ್ತು. ಪಾತ್ರೆಗಳು ಕಟ್ಟೆಯ ಮೇಲೇ ಇರಲಿ, ತಟ್ಟೆ ಅಲ್ಲೇ ತುಂಬಿಕೊಂಡು ಬನ್ನಿ. ಅರ್ಧ ತಟ್ಟೆ ತರಕಾರಿ, ಕಾಲು ಭಾಗ ಅನ್ನ ಅಥವಾ ಚಪಾತಿ, ಉಳಿದ ಕಾಲಿಗೆ ಬೇಳೆಯೋ ಮೀನೋ ಮೊಟ್ಟೆಯೋ. ಹೊಟ್ಟೆ ತುಂಬಿದ ಸುದ್ದಿ ಮೆದುಳಿಗೆ ಮುಟ್ಟಲು ಸುಮಾರು ಇಪ್ಪತ್ತು ನಿಮಿಷ ಬೇಕು. ನಮ್ಮಲ್ಲಿ ಎರಡನೇ ಬಡಿಸುವಿಕೆ ನಡೆಯುವುದು ಎಂಟನೇ ನಿಮಿಷಕ್ಕೆ. "ಸ್ವಲ್ಪ ಹಾಕ್ಲೇನ್ರೀ?" ಎಂಬ ಪ್ರಶ್ನೆಗೆ ಉತ್ತರ ಬರುವ ಮೊದಲೇ ಸೌಟು ತಟ್ಟೆಯ ಮೇಲಿರುತ್ತದೆ, ಬೇಡ ಎಂದು ಅಡ್ಡ ಹಿಡಿದ ಅಂಗೈಯ ಬೆರಳ ಸಂದಿನಿಂದಲೂ ಸಾರು ಇಳಿಸಬಲ್ಲ ನಿಪುಣರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ಅವರನ್ನು ತಡೆಯುವ ಉಪಾಯ ವಾದವಲ್ಲ. ಅವರಿಗೆ ಬೇರೆ ಏನಾದರೂ ಬಡಿಸಲು ಕೊಡಿ: ಕೋಸಂಬರಿ, ಸೌತೆಕಾಯಿ, ತೆಳು ಮಜ್ಜಿಗೆ. ಕೈಗೆ ಬೇಕಿರುವುದು ಬಡಿಸಿದ ಸಮಾಧಾನ, ಅನ್ನವೇ ಆಗಬೇಕೆಂದಿಲ್ಲ.

ಗಂಡನ ಪಾಲು, ಹೆಂಡತಿಯ ಪಾಲು ಒಂದೇ ಅಳತೆ ಎಂಬ ಸಮಾನತೆ ಇಲ್ಲಿ ನಡೆಯುವುದಿಲ್ಲ. ಎಂಬತ್ತು ಕೆಜಿಯ ಗಂಡಸಿಗೂ ಐವತ್ತೆಂಟು ಕೆಜಿಯ ಹೆಂಗಸಿಗೂ ದಿನದ ಖರ್ಚೇ ಬೇರೆ, ಇಳಿಯುವ ವೇಗವೂ ಬೇರೆ. ಅವನು ಎರಡು ಕೆಜಿ ಇಳಿಸಿ ಮೀಸೆ ತಿರುವುವಾಗ ಅವಳದ್ದು ಎಂಟುನೂರು ಗ್ರಾಂ. ಕೆಜಿಯಲ್ಲಿ ಪಂದ್ಯ ಕಟ್ಟಿದರೆ ಸಂಸಾರಕ್ಕೆ ಒಳ್ಳೆಯದಲ್ಲ. ಶೇಕಡಾ ಲೆಕ್ಕ ಇಟ್ಟುಕೊಳ್ಳಿ: ಶೇ. 5 ಇಳಿದರೂ ಸಕ್ಕರೆ, ರಕ್ತದೊತ್ತಡಗಳಿಗೆ ಲಾಭವಿದೆ. ಅವನಿಗೆ ಅದು 4 ಕೆಜಿ, ಅವಳಿಗೆ 2.9. ವಾರಕ್ಕೆ ಅರ್ಧ ಕೆಜಿ ಸಾಕು. ಅವಸರದಲ್ಲಿ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ನೋ ಮಾತ್ರೆಯೋ ನಡೆಯುತ್ತಿದ್ದರೆ ಡಾಕ್ಟರರನ್ನು ಕೇಳದೆ ಊಟ ಕಡಿಮೆ ಮಾಡಲೇಬಾರದು. ಔಷಧಿಯ ಪ್ರಮಾಣ ಹಳೆಯ ಊಟಕ್ಕೆ ಹೊಂದಿಸಿದ್ದು; ಊಟ ಮಾತ್ರ ಇಳಿದರೆ ಸಕ್ಕರೆ ಕುಸಿದು ಬೆವರು, ನಡುಕ ಬರುತ್ತದೆ. ತಮಾಷೆ ಇಲ್ಲಿಗೆ ನಿಲ್ಲಬೇಕು.

ತೂಕದ ಮೆಷಿನ್ನು. ಹಿಂದೆ ರೈಲ್ವೆ ಸ್ಟೇಷನ್ನುಗಳಲ್ಲಿ ಬಣ್ಣದ ದೀಪ ಮಿನುಗಿಸುತ್ತ ಕಾಸು ನುಂಗಿ ಚೀಟಿ ಉಗುಳುವ ಯಂತ್ರಗಳಿದ್ದವು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಬೂಟು, ಬ್ಯಾಗು, ಡಬ್ಬಾ ಸಮೇತ ನಿಂತವರಿಗೂ ಅದು ಒಳ್ಳೆಯ ಭವಿಷ್ಯವನ್ನೇ ಹೇಳುತ್ತಿತ್ತು. ಮನೆಯ ಡಿಜಿಟಲ್ ಮೆಷಿನ್ನಿಗೆ ಆ ಕರುಣೆ ಇಲ್ಲ. ಅದರ ನಾಲ್ಕೂ ಕಾಲು ಗಟ್ಟಿ ನೆಲಕ್ಕೆ ತಾಗಿರಬೇಕು. ಒಂದು ಕಾಲು ಟೈಲ್ಸಿನ ಸಂದಿಯಲ್ಲೋ ಕಾಲೊರಸಿನ ಮೇಲೋ ಇದ್ದರೆ ಅಂಕಿ ಅತ್ತಿತ್ತ ಓಡುತ್ತದೆ. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ, ವಾರಕ್ಕೊಮ್ಮೆ, ಅದೇ ಜಾಗದಲ್ಲಿ. ಮೊದಲ ವಾರದ ಎರಡು ಕೆಜಿಗೆ ಪೇಢೆ ಹಂಚಬೇಡಿ. ದೇಹ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ, ಮೊದಲು ಹೋಗುವುದು ಅದೇ. ಮಾಟುಂಗಾದಲ್ಲಿ ಒಂದು ಮದುವೆ ಊಟ ಮುಗಿಸಿ ಬಂದರೆ ಉಪ್ಪು, ಅನ್ನ ಎರಡೂ ಸೇರಿ ಆ ನೀರನ್ನು ಮರುದಿನವೇ ಮರಳಿ ತರುತ್ತವೆ. ಹೆಂಗಸರಿಗೆ ಮುಟ್ಟಿಗೆ ಮುಂಚಿನ ದಿನಗಳಲ್ಲೂ ಹಾಗೆಯೇ, ಆಗಿನ ಅಂಕಿ ನೋಡಿ "ಏನು ತಿಂದೆ?" ಎಂದು ವಿಚಾರಣೆ ಮಾಡುವ ಗಂಡಂದಿರಿಗೆ ಮೆಷಿನ್ನು ಮುಟ್ಟುವ ಹಕ್ಕು ಕೊಡಬಾರದು.

ಟೇಪು ಇದಕ್ಕಿಂತ ಪ್ರಾಮಾಣಿಕ. ಕಡೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಸಹಜವಾಗಿ ಬಿಟ್ಟ ಮೇಲೆ ಅಳೆಯಬೇಕು. ಭಾರತೀಯ ಗಂಡಸರಿಗೆ 90 ಸೆ.ಮೀ., ಹೆಂಗಸರಿಗೆ 80 ದಾಟಬಾರದು. "ಪ್ಯಾಂಟಿನ ಸೈಜು ಹತ್ತು ವರ್ಷದಿಂದ 34 ರೀ" ಎನ್ನುವವರ ಪ್ಯಾಂಟು ಹೊಟ್ಟೆಯ ಕೆಳಗೆ ವಲಸೆ ಹೋಗಿರುತ್ತದೆ.

ನಡಿಗೆಗೆ ಜೊತೆ ಒಳ್ಳೆಯದು, ಆದರೆ ಜೊತೆಯಾಗಿ ಎಲ್ಲಿಗೆ ನಡೆಯುತ್ತೀರಿ ಎಂಬುದೂ ಮುಖ್ಯ. ಒಂದು ವಡಾಪಾವಿನ 300 ಕ್ಯಾಲರಿ ಕರಗಿಸಲು ಎಪ್ಪತ್ತು ಕೆಜಿಯವರು ಹೆಚ್ಚುಕಡಿಮೆ ಐದಾರು ಕಿ.ಮೀ. ನಡೆಯಬೇಕು, ಅಂದರೆ ಡೊಂಬಿವಲಿಯಿಂದ ಕಲ್ಯಾಣದವರೆಗೆ. ಸ್ಟೇಷನ್ನಿನಿಂದ ಶೇರ್ ರಿಕ್ಷಾ ಬಿಟ್ಟು ಇಪ್ಪತ್ತು ನಿಮಿಷ ಮನೆಗೆ ನಡೆದರೆ ದಿನದ ಅರ್ಧ ಕೆಲಸ ಮುಗಿಯಿತು, ವಡಾಪಾವ್ ಗಾಡಿಯಿಲ್ಲದ ರಸ್ತೆ ಹಿಡಿದರೆ ಉಳಿದರ್ಧವೂ ಮುಗಿಯಿತು. ಮಳೆಗಾಲದ ನಾಲ್ಕು ತಿಂಗಳು ರಸ್ತೆ ಇರುವುದಿಲ್ಲ, ಕಾಂದಾ ಭಜಿ ಇರುತ್ತದೆ. ಆಗ ಬಿಲ್ಡಿಂಗಿನ ಮೆಟ್ಟಿಲೇ ಗತಿ. ಮೊಣಕಾಲು ನೋವಿದ್ದವರು ಹತ್ತುವುದು ಮಾತ್ರ ಇಟ್ಟುಕೊಂಡು ಲಿಫ್ಟಿನಲ್ಲಿ ಇಳಿಯಲಿ, ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ.

ಮಳೆ ನಡುವೆಯೇ ಗಣಪತಿ ಬರುತ್ತಾನೆ. ಒಂದೇ ಸಂಜೆ ಆರು ಮನೆಯ ದರ್ಶನ, ಆರು ಕಡೆ ಮೋದಕ. ಪ್ರಸಾದ ಬೇಡ ಎನ್ನಬಾರದು, ಆದರೆ ಇಬ್ಬರಿಗೆ ಎರಡು ತಟ್ಟೆ ಆಗಲೇಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. "ವೈನೀ, ನಮ್ಮಿಬ್ಬರಿಗೂ ಒಂದೇ ಸಾಕು" ಎಂದು ಬಾಗಿಲಲ್ಲೇ ಹೇಳಿ. ಇಬ್ಬರಲ್ಲಿ ಒಬ್ಬರು ಡಯಟ್ಟಿನಲ್ಲಿ ಇಲ್ಲದಿದ್ದರೆ ಹೇಳಬೇಕಾದವರು ಅವರೇ, ಏಕೆಂದರೆ ಇದ್ದವರ ಮಾತನ್ನು ಯಾರೂ ನಂಬುವುದಿಲ್ಲ. ಆ ಹತ್ತು ದಿನ ಇಳಿಸುವ ಯೋಚನೆ ಬಿಟ್ಟು ಏರದಿದ್ದರೆ ಸಾಕು ಎಂದುಕೊಳ್ಳಿ. ಮೆಷಿನ್ನನ್ನು ಮಂಚದ ಕೆಳಗೆ ತಳ್ಳಿ, ವಿಸರ್ಜನೆಯಾಗಿ ನಾಲ್ಕೈದು ದಿನ ಕಳೆದು ಉಪ್ಪಿನ ನೀರು ಇಳಿದ ಮೇಲೆ ಹೊರಗೆ ತೆಗೆಯಿರಿ. ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂದ ಪ್ರಸಾದದ ಬಟ್ಟಲು ಖಾಲಿ ಹಿಂತಿರುಗಿಸಬಾರದೆಂದು ಅತ್ತೆ ಕರ್ಜಿಕಾಯಿಗೆ ಹಿಟ್ಟು ಕಲಸಿದ್ದರೆ, ಕಲಸಿದ್ದೆಲ್ಲ ಪಕ್ಕದ ಮನೆಗೇ ಹೋಗುವಂತೆ ನೋಡಿಕೊಳ್ಳಿ.